280 ರೂಪಾಯಿ ಕೊಟ್ಟು ಫ್ಯಾನ್ ತಂದೆ, ಸದ್ದು ಬರ್ತಿದ್ದದ್ದು ಬೇರೆ ಕಡೆಯಿಂದ

ಬೆಳಿಗ್ಗೆ ಆರಕ್ಕೆ ನಾನು ಕಂಪ್ಯೂಟರ್ ಆನ್ ಮಾಡಿದರೆ ಅಮ್ಮ ಅಡುಗೆಮನೆಯಿಂದಲೇ, "ಶುರುವಾಯ್ತು ನೋಡು ಹಿಟ್ಟಿನ ಗಿರಣಿ" ಅನ್ನುತ್ತಿದ್ದರು. ಮಂಡ್ಯದ ಗುತ್ತಲು ರಸ್ತೆಯಲ್ಲಿ ನಮ್ಮ ಮನೆ. ಮನೆಯಲ್ಲೇ ಕೂತು ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಕರಪತ್ರ ಟೈಪ್ ಮಾಡಿಕೊಡುತ್ತೇನೆ. ನನ್ನದು ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್ ಇರುವ ಕಂಪ್ಯೂಟರ್, ಅದೂ ಸೆಕೆಂಡ್ ಹ್ಯಾಂಡ್. ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶಕ್ಕೆ, ಪೇಜ್ ಮಾಡೋದಕ್ಕೆ ಅಷ್ಟು ಸಾಕು. ಹೊಸದು ಕೊಳ್ಳುವ ಯೋಚನೆಯೂ ಇರಲಿಲ್ಲ, ದುಡ್ಡೂ ಇರಲಿಲ್ಲ.

ಸದ್ದಿಗೆ ಒಂದು ಕ್ರಮ ಇತ್ತು. ಆನ್ ಮಾಡಿದ ತಕ್ಷಣ ಗರ್‍ರ್ ಅಂತ ಶುರು. ಹತ್ತು ನಿಮಿಷ ಕಳೆದರೆ ತಾನಾಗಿ ತಗ್ಗುತ್ತಿತ್ತು. ಡಿಸೆಂಬರ್ ಚಳಿಯಲ್ಲಿ ಜಾಸ್ತಿ, ಮಧ್ಯಾಹ್ನ ಕಡಿಮೆ. ಫ್ಯಾನಿನ ಬೇರಿಂಗ್‌ನಲ್ಲಿ ಎಣ್ಣೆ ಒಣಗಿದರೆ ಹೀಗೇ ಆಗುತ್ತದೆ. ಉಳಿದಿರುವ ಚೂರು ಎಣ್ಣೆ ತಣ್ಣಗಿದ್ದಾಗ ಗಟ್ಟಿ, ಬಿಸಿಯಾದ ಮೇಲೆ ಸಡಿಲ. ಆಗ ನನಗೆ ಇದೆಲ್ಲ ಗೊತ್ತಿರಲಿಲ್ಲ. ಊರಲ್ಲೇ ಒಂದು ಅಂಗಡಿಗೆ ಹೋಗಿ ಕೇಳಿದೆ. ಅವರು ಡಬ್ಬಿ ತೆರೆದೂ ನೋಡದೆ, "ಹಳೇ ಬೋರ್ಡು, ಪೂರ್ತಿ ಸಿಸ್ಟಂ ಬದಲಾಯಿಸಿಬಿಡಿ" ಅಂದರು. ಗಾಡಿ ಚಕ್ರ ಸದ್ದು ಮಾಡ್ತಿದೆ ಅಂತ ಎತ್ತನ್ನೇ ಮಾರೋಕಾಗುತ್ತಾ? ಒಂದು ಫ್ಯಾನು ಕೊಡಿ ಸಾಕು ಅಂದೆ. 120 ಮಿಲಿಮೀಟರಿನದು, ನೀಲಿ ಲೈಟ್ ಬೇರೆ, 280 ರೂಪಾಯಿ.

ಮನೆಗೆ ತಂದು ಕ್ಯಾಬಿನೆಟ್ಟಿನ ಹಿಂದೆ ಹಿಡಿದರೆ ಅಲ್ಲಿರೋದು 80 ಮಿಲಿಮೀಟರಿನ ಜಾಗ! ಹೊಸ ಫ್ಯಾನಿನ ಪ್ಯಾಕ್ ಒಡೆದಿದ್ದರಿಂದ ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಫ್ಯಾನಿನ ಅಳತೆ ಅಂದರೆ ಅದರ ಚೌಕಟ್ಟಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಇರುವ ಅಳತೆ. ಸ್ಕ್ರೂ ತೂತಿನ ನಡುವಿನ ಅಳತೆ ಬೇರೆ. 80ರ ಫ್ಯಾನಿಗೆ ಅದು ಸುಮಾರು 71.5 ಮಿಲಿಮೀಟರ್, 120ರದಕ್ಕೆ 105. ಮಗಳ ಕಂಪಾಸ್ ಬಾಕ್ಸಿನ ಸ್ಕೇಲು ಹಿಡಿದು ಒಂದು ನಿಮಿಷ ಅಳೆದಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ಇರಲಿ, ಬಿಚ್ಚಿದ್ದಂತೂ ಆಯಿತು, ಒಳಗೆ ಒರೆಸೋಣ ಅಂತ ನೋಡಿದೆ. ಕಬ್ಬಿನ ಸೀಸನ್ನಿನಲ್ಲಿ ನಮ್ಮ ಬೀದಿಯಲ್ಲಿ ಲೋಡ್ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತವೆ. ಆ ಧೂಳೆಲ್ಲ ಪ್ರೊಸೆಸರಿನ ಬಿಸಿ ಎಳೆದುಕೊಳ್ಳುವ ಲೋಹದ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕಂಬಳಿ ಹಾಸಿದ ಹಾಗೆ ಕೂತಿತ್ತು. ಪೇಂಟ್ ಬ್ರಷ್ಷಿನಲ್ಲಿ ಕೆದಕಿ, ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದೆ. ಗಾಳಿ ಹೊಡೆಯುವಾಗ ಫ್ಯಾನಿನ ರೆಕ್ಕೆ ತಿರುಗದ ಹಾಗೆ ಬೆರಳಲ್ಲಿ ಹಿಡಿದಿರಬೇಕು. ಸುಮ್ನೆ ಬಿಟ್ಟರೆ ಫ್ಯಾನು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು. ಅಷ್ಟಾದರೂ ಗರ್‍ರ್ ನಿಲ್ಲಲಿಲ್ಲ.

ಆಮೇಲೆ ಬುದ್ಧಿ ಬಂತು. ಸದ್ದು ಎಲ್ಲಿಂದ ಬರುತ್ತಿದೆ ಅನ್ನೋದನ್ನೇ ನಾನು ಇನ್ನೂ ನೋಡಿರಲಿಲ್ಲ, ಅಲ್ವಾ? ನನ್ನ ಡಬ್ಬಿಯಲ್ಲಿ ಮೂರು ಫ್ಯಾನು: ಹಿಂದುಗಡೆಯದು, ಸಿಪಿಯು ಅಂದರೆ ಪ್ರೊಸೆಸರ್ ಮೇಲಿನದು, ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಒಳಗಿನದು. ಮೊದಲು ಕಂಪ್ಯೂಟರ್ ಆಫ್ ಮಾಡಿ ಹಿಂದಿನ ಫ್ಯಾನಿನ ವೈರು ಕಿತ್ತು ಮತ್ತೆ ಆನ್ ಮಾಡಿದೆ. ಸದ್ದು ಹಾಗೇ ಇತ್ತು. ಆಮೇಲೆ ಪೇಪರ್ ಸುರುಳಿ ಸುತ್ತಿ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಎಸ್‌ಎಂಪಿಎಸ್ ಹತ್ತಿರ. ಬರೀ ಗಾಳಿಯ ಸದ್ದು. ಕೊನೆಗೆ ಐಸ್‌ಕ್ರೀಮ್ ಕಡ್ಡಿಯ ತುದಿಯನ್ನು ಸಿಪಿಯು ಫ್ಯಾನಿನ ನಡುಗುಂಬಕ್ಕೆ ಮೆಲ್ಲಗೆ ಒತ್ತಿದೆ, ರೆಕ್ಕೆಗಲ್ಲ. ಒಂದೇ ಸೆಕೆಂಡ್ ನಿಂತಿತು. ಮನೆ ನಿಶ್ಶಬ್ದ. ಕಳ್ಳ ಸಿಕ್ಕಿದ.

ಎಸ್‌ಎಂಪಿಎಸ್ ಫ್ಯಾನೇ ಆಗಿದ್ದರೆ ನಾನು ಬಿಚ್ಚುತ್ತಿರಲಿಲ್ಲ. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪ್ಯಾಸಿಟರ್‌ಗಳು ಜೀವಕ್ಕೇ ಅಪಾಯವಾಗುವಷ್ಟು ಕರೆಂಟ್ ಹಿಡಿದಿಟ್ಟಿರಬಹುದು. ಅದು ಗೊತ್ತಿದ್ದವರ ಕೆಲಸ.

ಮೊದಲು ಖರ್ಚಿಲ್ಲದ ದಾರಿ ಹಿಡಿದೆ. ಅಮ್ಮನ ಹೊಲಿಗೆ ಮಷೀನಿನ ಎಣ್ಣೆ ಇತ್ತಲ್ಲ. ಫ್ಯಾನನ್ನು ಹೀಟ್‌ಸಿಂಕಿನಿಂದ ಬಿಡಿಸಿ, ಹಿಂಬದಿಯ ಸ್ಟಿಕ್ಕರ್ ಎಬ್ಬಿಸಿ, ಒಂದೇ ಒಂದು ಹನಿ ಬಿಟ್ಟೆ. ಐದು ನಿಮಿಷ ಕೈಯಲ್ಲೇ ತಿರುಗಿಸಿ ಸ್ಟಿಕ್ಕರ್ ಅಂಟಿಸಿದೆ. ಎಣ್ಣೆ ಜಾಸ್ತಿಯಾದರೆ ಸ್ಟಿಕ್ಕರ್ ಕಿತ್ತುಬಂದು ಬೋರ್ಡಿನ ಮೇಲೆಲ್ಲ ಸಿಡಿಯುತ್ತದೆ. ಪಕ್ಕದ ಮನೆಯವರು ಕೊಬ್ಬರಿ ಎಣ್ಣೆ ಹಾಕಿದ್ದರಂತೆ. ಅದು 24 ಡಿಗ್ರಿ ಸುಮಾರಿಗೇ ಹೆಪ್ಪುಗಟ್ಟುತ್ತದೆ. ನಮ್ಮ ಊರಿನ ಚಳಿಗಾಲದ ಬೆಳಿಗ್ಗೆಯಲ್ಲಿ ಫ್ಯಾನು ತಿರುಗೋದೇ ಇಲ್ಲ ಅಂದರೆ ಆಶ್ಚರ್ಯ ಏನು? ನನ್ನ ಎಣ್ಣೆ ಮೂರು ವಾರ ಕೆಲಸ ಮಾಡಿತು. ಆಮೇಲೆ ಮತ್ತೆ ಗಿರಣಿ. ಬೇರಿಂಗ್ ಸವೆದು ಹೋಗಿತ್ತು, ಅದಕ್ಕೆ ಎಣ್ಣೆ ಬರೀ ಸಮಾಧಾನ.

ಒಂದು ಭಾನುವಾರ ಬಿಟ್ಟು ಸೋಮವಾರ ರೈಲು ಹತ್ತಿ ಮೈಸೂರಿಗೆ ಹೋದೆ. ಸ್ಟೇಷನ್ನಿನಿಂದ ಇರ್ವಿನ್ ರಸ್ತೆ ಹಿಡಿದು ಅಶೋಕ ರಸ್ತೆ ಕಡೆ ನಡೆದರೆ ಒಂದು ಓಣಿಯಲ್ಲಿ ಹಳೇ ಸಿಸ್ಟಂ ಬಿಡಿಭಾಗ ಇಟ್ಟುಕೊಂಡ ಪುಟ್ಟ ಅಂಗಡಿ. ನನ್ನ ಕೂಲರಿನ, ಅಂದರೆ ಹೀಟ್‌ಸಿಂಕು ಮತ್ತು ಫ್ಯಾನು ಸೇರಿದ ಜೋಡಿಯ, ಫೋಟೋ ತೋರಿಸಿ, "ಬರೀ ಫ್ಯಾನು ಕೊಡಿ" ಅಂದೆ. ಇಂಟೆಲ್ ಪ್ರೊಸೆಸರ್ ಜೊತೆಗೆ ಬರುವ ಕೂಲರಿನ ಫ್ಯಾನಿಗೆ ಅದರದೇ ಚೌಕಟ್ಟು, ಹೊರಗಿನ ಫ್ಯಾನು ಅದಕ್ಕೆ ಕೂರೋದಿಲ್ಲ, ಪೂರ್ತಿ ಕೂಲರೇ ತಗೊಳ್ಳಿ ಅಂದರು. ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಅನ್ನುತ್ತಾರೆ, ಅದಕ್ಕೊಂದು ನಂಬರ್ ಇರುತ್ತದೆ. ಅವರ ಹತ್ತಿರ ಇದ್ದದ್ದು 1151 ಸಾಕೆಟ್ಟಿನ ಬೋರ್ಡಿನಿಂದ ತೆಗೆದದ್ದು. ನನ್ನದು 1150. ಕೂರುತ್ತಾ ಅಂತ ಅನುಮಾನ. ಆದರೆ 1156ರಿಂದ 1200ರ ತನಕ ಕೂಲರ್ ತೂತುಗಳ ನಡುವೆ ಒಂದೇ ಅಂತರ, 75 ಮಿಲಿಮೀಟರ್. ಹಳೇ 775ರದು 72, ಆಮೇಲೆ ಬಂದ 1700ರದು 78. ಅವೆರಡೂ ಇದಕ್ಕೆ ಹೊಂದುವುದಿಲ್ಲ. ಅಂಗಡಿಯಲ್ಲೇ 12 ವೋಲ್ಟ್ ಕೊಟ್ಟು ತಿರುಗಿಸಿ ನೋಡಿ, ಬೆರಳಲ್ಲಿ ಅಲ್ಲಾಡಿಸಿ ನೋಡಿ, 200 ರೂಪಾಯಿಗೆ ತಂದೆ. ಪ್ರೊಸೆಸರಿನ ಬಿಸಿ ಕೂಲರಿಗೆ ಸರಿಯಾಗಿ ದಾಟಲಿ ಅಂತ ನಡುವೆ ಹಚ್ಚುವ ಥರ್ಮಲ್ ಪೇಸ್ಟಿನ ಸಣ್ಣ ಟ್ಯೂಬು 100.

ಹಾಕುವ ಮೊದಲು ಕಂಪ್ಯೂಟರ್ ಹತ್ತು ನಿಮಿಷ ಓಡಿಸಿದೆ. ಬಿಸಿಗೆ ಹಳೇ ಪೇಸ್ಟು ಮೆತ್ತಗಾಗುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ, ಕೂಲರನ್ನು ಬೋರ್ಡಿಗೆ ಹಿಡಿದಿರುವ ನಾಲ್ಕು ಪಿನ್ನುಗಳನ್ನು ಬಾಣದ ಗುರುತಿನ ಕಡೆ ತಿರುಗಿಸಿ ಮೇಲೆತ್ತಿದೆ. ಕೂಲರನ್ನು ನೇರ ಎಳೆಯಲಿಲ್ಲ, ಮೆಲ್ಲಗೆ ಆ ಕಡೆ ಈ ಕಡೆ ತಿರುಚಿ ಬಿಡಿಸಿದೆ. ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿದ ಬಟ್ಟೆಯಲ್ಲಿ ಒರೆಸಿ, ಹೊಸದನ್ನು ತೊಗರಿಕಾಳಿನಷ್ಟು ನಡುವೆ ಇಟ್ಟೆ. ಚಟ್ನಿ ಹಾಗೆ ಮೆತ್ತಬೇಕಿಲ್ಲ, ಒತ್ತಿದಾಗ ತಾನೇ ಹರಡಿಕೊಳ್ಳುತ್ತದೆ.

ಪಿನ್ನುಗಳನ್ನು ಬಾಣದ ಎದುರು ದಿಕ್ಕಿಗೆ ತಿರುಗಿಸಿಟ್ಟು, ಮೂಲೆಗೆ ಮೂಲೆ ಎದುರುಬದುರಾಗಿ ಒತ್ತಿದೆ. ಮೂರು ಟಕ್ ಅಂದವು. ನಾಲ್ಕನೆಯದು ಅಂದಿತೋ ಇಲ್ಲವೋ ಗಮನಿಸಲಿಲ್ಲ. ಆನ್ ಮಾಡಿ ಬಯಾಸ್ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟ) ಒಳಗೆ ಹೋಗಿ ನೋಡಿದರೆ ಸಿಪಿಯು ಶಾಖ 70, 75, 80 ಅಂತ ಏರುತ್ತಲೇ ಇದೆ! ಎದೆ ಧಸಕ್ ಅಂದಿತು. ಆಫ್ ಮಾಡಿ, ಬೋರ್ಡಿನ ಹಿಂಬದಿಯಿಂದ ಟಾರ್ಚ್ ಬಿಟ್ಟು ನೋಡಿದೆ. ಮೂರು ಪಿನ್ನಿನ ಕಪ್ಪು ತುದಿ ಹೊರಗೆ ಬಂದಿತ್ತು, ಒಂದರದ್ದು ಬಂದಿರಲಿಲ್ಲ. ಕೂಲರ್ ಒಂದು ಕಡೆ ಎತ್ತಿಕೊಂಡು ಕೂತಿತ್ತು. ಮತ್ತೆ ತೆಗೆದು, ಒರೆಸಿ, ಪೇಸ್ಟ್ ಇಟ್ಟು, ಈ ಸಲ ನಾಲ್ಕು ಟಕ್ ಎಣಿಸಿದೆ. ಶಾಖ 42ಕ್ಕೆ ನಿಂತಿತು.

ಇನ್ನೊಂದು ಸಣ್ಣ ವಿಷಯ. ಈ ಫ್ಯಾನಿನ ವೈರು ನಾಲ್ಕು ಪಿನ್ನಿನದು, ಎಷ್ಟು ವೇಗವಾಗಿ ತಿರುಗಬೇಕು ಅಂತ ಫ್ಯಾನಿಗೆ ಹೇಳೋದು ನಾಲ್ಕನೇ ಪಿನ್ನು. ನನ್ನ ಬಯಾಸ್‌ನಲ್ಲಿ ಯಾರೋ ಫ್ಯಾನನ್ನು ಪೂರ್ತಿ ವೇಗಕ್ಕೆ ಇಟ್ಟಿದ್ದರು. ಆಟೋಗೆ ಬದಲಾಯಿಸಿದೆ. ಹಾಗಾದ ಮೇಲೆ ಸಾಮಾನ್ಯ ಕೆಲಸದಲ್ಲಿ ಅದು ಓಡುತ್ತಿದೆ ಅನ್ನೋದೇ ತಿಳಿಯುವುದಿಲ್ಲ.

ಬೇಕಾದ ಖರ್ಚು 300, ದಡ್ಡತನದ ಖರ್ಚು 280. ಆ ನೀಲಿ ಲೈಟಿನ ಫ್ಯಾನನ್ನು ಬಿಸಾಕಲಿಲ್ಲ. ಹಳೇ ಮೋಡೆಮಿನ 12 ವೋಲ್ಟ್ ಅಡಾಪ್ಟರಿನ ತುದಿ ಕತ್ತರಿಸಿ, ಕೆಂಪು ವೈರನ್ನು ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಸೇರಿಸಿದೆ. ಈಗ ಅಮ್ಮ ಹೊಲಿಗೆ ಮಷೀನಿನ ಪಕ್ಕ ಇಟ್ಟುಕೊಂಡಿದ್ದಾರೆ. ಏಪ್ರಿಲ್ ಬಿಸಿಲಿಗೆ ಗಾಳಿ ಚೆನ್ನಾಗಿ ಬರುತ್ತಂತೆ, ಲೈಟು ಮಾತ್ರ ಕಣ್ಣಿಗೆ ಹೊಡೆಯುತ್ತಂತೆ.