ಕೊಡಗಲ್ಲಿ ಕುಡಿತ ಬಿಡೋಕೆ ಜೊತೆಯಾಗೋ ಗುಂಪು ಹುಡುಕೋದು ಹೇಗೆ
ಮೊದಲು ಡಾಕ್ಟರ್ ಹತ್ರ ಹೋಗಿ, ಯಾಕಂದ್ರೆ ದಿನಾ ಜಾಸ್ತಿ ಕುಡಿಯೋರು ಒಮ್ಮೆಲೇ ನಿಲ್ಸಿದ್ರೆ ಕೈ ನಡುಕ, ಫಿಟ್ಸ್ ಕೂಡ ಬರಬಹುದು, ದಯವಿಟ್ಟು ಇದನ್ನ ಹಗುರವಾಗಿ ತಗೋಬೇಡಿ. ಮಡಿಕೇರಿ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸ್ವಾಗ್ಲೇ ಹತ್ರದಲ್ಲಿ ಎಎ ಅನ್ನೋ ಕುಡಿತ ಬಿಡೋರ ಗುಂಪಿನ ಮೀಟಿಂಗ್ ಎಲ್ಲಿ ನಡೆಯುತ್ತೆ ಅಂತ ಕೇಳಿ. 14446 ವ್ಯಸನಮುಕ್ತಿ ಸಹಾಯವಾಣಿಗೂ ಫೋನ್ ಮಾಡಿ, ದುಡ್ಡು ಬೀಳಲ್ಲ.

ಎಎ ಅಂದ್ರೆ ಆಲ್ಕೋಹಾಲಿಕ್ಸ್ ಅನಾನಿಮಸ್, 1935ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು, ಫೀಸ್ ಇಲ್ಲ, ಕುಡಿತ ಬಿಡೋ ಆಸೆ ಇದ್ರೆ ಸಾಕು, ಅಲ್ಲಿ ಕೇಳಿದ್ದು ಅಲ್ಲೇ ಬಿಟ್ಟು ಬರ್ಬೇಕು ಅನ್ನೋದು ಪದ್ಧತಿ. ನಮ್ಮ ಕಡೆ ಎಲ್ರಿಗೂ ಎಲ್ರ ಮನೆ ಗೊತ್ತಲ್ವಾ, ಊರಲ್ಲಿ ಮುಜುಗರ ಆದ್ರೆ ಮೈಸೂರಲ್ಲಿ ವಿಚಾರಿಸಿ, ಆನ್‌ಲೈನ್ ಮೀಟಿಂಗೂ ಇದೆ, ಆದ್ರೆ ಎದುರು ಕೂತು ಮಾತಾಡೋದೇ ಒಳ್ಳೇದು ಅನ್ಸುತ್ತೆ ನಂಗೆ. ಹುತ್ತರಿ, ಮದುವೆ ಸೀಸನ್‌ಗೆ ಮುಂಚೆನೇ ಸೇರ್ಕೊಳ್ಳಿ. ಮನೆಯವ್ರಿಗೆ ಅಲ್-ಅನಾನ್ ಅಂತ ಬೇರೆ ಗುಂಪಿದೆ, ಅದನ್ನೂ ಕೇಳಿ.