ಕಬ್ಬಿನ ಹೊಲದಲ್ಲಿ ಕಾಡುಬೆಕ್ಕಿನ ಮರಿ ಸಿಕ್ಕಾಗ

ಮುಧೋಳ, ಜಮಖಂಡಿ, ಅಥಣಿ ಕಡೆ ಕಬ್ಬು ಕಟಾವು ಶುರುವಾಯಿತೆಂದರೆ ವಾಟ್ಸ್‌ಆ್ಯಪ್‌ನಲ್ಲಿ ‘ಚಿರತೆ ಮರಿ’ಗಳ ಫೋಟೊ ಓಡಾಡುವುದೂ ಶುರು. ಹಿಗ್ಗಿಸಿ ನೋಡಿದರೆ ಎಷ್ಟೋ ಸಲ ಅವು ಕಾಡುಬೆಕ್ಕಿನ ಮರಿಗಳು. ಮರಳಿನ ಬಣ್ಣದ ಮೈ, ಅದರ ಮೇಲೆ ಮಾಸಲು ಗೀರು, ಗಿಡ್ಡ ಬಾಲದ ತುದಿಯಲ್ಲಿ ಕಪ್ಪು ಉಂಗುರ. ಚಿರತೆ ಮರಿಗಾದರೆ ಮೈತುಂಬ ಒತ್ತೊತ್ತಾದ ಚುಕ್ಕೆ. ಅನುಮಾನವಿದ್ದರೆ ಹತ್ತಿರ ಹೋಗಲೇಬೇಡಿ, ತಾಯಿ ಅಲ್ಲೇ ಇದ್ದೀತು.

ಹುಟ್ಟಿದ ಹತ್ತು ಹನ್ನೆರಡು ದಿನ ಮರಿಗಳಿಗೆ ಕಣ್ಣು ಬಿಟ್ಟಿರುವುದಿಲ್ಲ. ತಾಯಿ ಅವನ್ನು ರವದಿಯ, ಅಂದರೆ ಕಬ್ಬಿನ ಒಣಗರಿಯ, ನಡುವೆ ಬಚ್ಚಿಟ್ಟು ಇಲಿ ಹುಡುಕಿಕೊಂಡು ಹೋಗಿರುತ್ತದೆ, ಇಲ್ಲವೇ ಕಡಿಯುವವರ ಗದ್ದಲಕ್ಕೆ ಹೆದರಿ ಪಕ್ಕದ ಹೊಲಕ್ಕೆ ಸರಿದಿರುತ್ತದೆ. ಅನುಕಂಪದಿಂದ ನಾವು ಮನೆಗೆ ತಂದ ಮೇಲೆಯೇ ಅವು ತಬ್ಬಲಿಯಾಗುವುದು.

ಆದ್ದರಿಂದ ಮೊದಲು ಮಾಡಬೇಕಾದದ್ದು ತಾಯಿಗೆ ಒಪ್ಪಿಸುವ ಪ್ರಯತ್ನ. ಆ ಭಾಗದ ಕಟಾವು ನಿಲ್ಲಿಸಿ. ರವದಿಗೆ ಬೆಂಕಿ ಹಚ್ಚುವುದನ್ನು ಮುಂದೂಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಸಿಬ್ಬಂದಿ ಹೊತ್ತು ಮುಳುಗುವಾಗ ಮರಿಗಳನ್ನು ತಗ್ಗಾದ ಕ್ರೇಟಿನಲ್ಲಿಟ್ಟು, ಸಿಕ್ಕ ಜಾಗದಲ್ಲೇ ಇರಿಸುತ್ತಾರೆ. ಆಮೇಲೆ ಎಲ್ಲರೂ ಅಲ್ಲಿಂದ ಹೋಗಬೇಕು. ನಮ್ಮ ಊರುಗಳಲ್ಲಿ ಈ ‘ಎಲ್ಲರೂ’ ಎಂಬುದೇ ಕಷ್ಟದ ಕೆಲಸ. ಬದುವಿನ ಮೇಲೆ ನಲವತ್ತು ಜನ ಮೊಬೈಲ್ ಹಿಡಿದು ನಿಂತರೆ ಯಾವ ತಾಯಿ ಬಂದೀತು? ಬಂದರೂ ಒಂದೊಂದೇ ಮರಿಯನ್ನು ಕತ್ತು ಕಚ್ಚಿ ಒಯ್ಯುತ್ತದೆ. ಎರಡು ಹೋಗಿ ಒಂದು ಉಳಿದಿದ್ದರೆ ಅದನ್ನು ಎತ್ತಿಕೊಂಡು ಬರಬೇಡಿ, ಸರದಿ ಬಾಕಿ ಇರಬಹುದು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತನ್ನೂ ನಂಬಬೇಡಿ. ಮಹಾರಾಷ್ಟ್ರದ ಜುನ್ನರ್ ಕಡೆ ಕಬ್ಬಿನಲ್ಲಿ ಸಿಕ್ಕ ಚಿರತೆ ಮರಿಗಳನ್ನೇ ಹೀಗೆ ತಾಯಿಗೆ ಮರಳಿಸಿದ್ದಾರೆ.

ತಾಯಿ ಸತ್ತಿರುವುದು ಖಚಿತವಾದರೆ ಮಾತ್ರ ಸಾಕುವ ಮಾತು. ಅದೂ ನಮ್ಮ ಪಡಸಾಲೆಯಲ್ಲಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಅಪರಾಧ. ಇಲಾಖೆಯವರು ಬರುವವರೆಗೆ ಮರಿಗಳನ್ನು ರಟ್ಟಿನ ಡಬ್ಬಿಯಲ್ಲಿಟ್ಟು, ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಡಿ. ಮೈ ತಣ್ಣಗಿರುವ ಮರಿಗೆ ಹಾಲು ಹಾಕಿದರೆ ಅರಗುವುದಿಲ್ಲ. ಆಕಳ ಹಾಲಂತೂ ಬೇಡವೇ ಬೇಡ. ಬೆಕ್ಕಿನ ಹಾಲಿನಷ್ಟು ಪ್ರೋಟೀನ್ ಅದರಲ್ಲಿಲ್ಲ, ಮೇಲಿಂದ ಭೇದಿ ಹತ್ತುತ್ತದೆ.

ಪಶುವೈದ್ಯರ ನಿಗಾದಲ್ಲಿ ಕೊಡುವುದು ಬೆಕ್ಕಿನ ಮರಿಗಳಿಗೆಂದೇ ಸಿಗುವ ಹಾಲಿನ ಪುಡಿ, ಎರಡು ಮೂರು ತಾಸಿಗೊಮ್ಮೆ, ರಾತ್ರಿಯೂ ಸೇರಿ. ಕೂಸಿನಂತೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲಾಗಿ, ಮುಂಗಾಲು ಟವೆಲ್ಲನ್ನು ಒತ್ತುವಂತೆ ಹಿಡಿಯಬೇಕು. ಮೂಗಿನಲ್ಲಿ ಹಾಲಿನ ಗುಳ್ಳೆ ಕಂಡರೆ ಕೂಡಲೇ ನಿಲ್ಲಿಸಬೇಕು. ಕುಡಿಸಿದ ಮೇಲೆ ಬಾಲದ ಕೆಳಗೆ ಒದ್ದೆ ಹತ್ತಿಯಿಂದ ಮೆಲ್ಲಗೆ ಸವರಬೇಕು. ತಾಯಿಯ ನಾಲಿಗೆ ಮಾಡುವ ಕೆಲಸವಿದು. ಇದಿಲ್ಲದೆ ಎಳೆಯ ಮರಿ ಉಚ್ಚೆಯನ್ನೂ ಹೊಯ್ಯುವುದಿಲ್ಲ. ತೂಕ ದಿನವೂ ಬರೆದಿಡಬೇಕು.

ತಿಂಗಳು ದಾಟಿದ ಮೇಲೆ ಕೈಮಾ, ಆಮೇಲೆ ಎಲುಬು, ರೋಮ ಸಮೇತ ಇಡೀ ಬೇಟೆ. ಬರೀ ಮಾಂಸ ತಿಂದ ಮರಿಯ ಕಾಲು ಸೊಟ್ಟಗಾಗುತ್ತದೆ.

ಇನ್ನು ಮುದ್ದು. ಹೆಸರಿಡುವಂತಿಲ್ಲ, ಮಾತಾಡಿಸುವಂತಿಲ್ಲ, ನಾಯಿಯನ್ನು ಹತ್ತಿರ ಬಿಡುವಂತಿಲ್ಲ. ನೋಡಿಕೊಳ್ಳುವವರು ಒಬ್ಬರೇ ಇರಬೇಕು, ಮರಿಗಳು ಜೊತೆಯಾಗಿರಬೇಕು. ಹಾಲು ಬಿಟ್ಟ ಮೇಲೆ ಸಾಕಿದವರನ್ನು ಕಂಡು ಬುಸುಗುಟ್ಟಿದರೆ ಸರಿಯಾಗಿ ಬೆಳೆದಿವೆ ಎಂದರ್ಥ. ಕಾಲಿಗೆ ಮೈ ಉಜ್ಜುವ ಬೆಕ್ಕು ನಾಳೆ ಯಾರದೋ ಕೋಳಿಗೂಡಿಗೆ ಹೋಗಿ ಬಡಿಗೆ ಏಟು ತಿನ್ನುತ್ತದೆ.

ಬೇಟೆ ಕಲಿತ ಮೇಲೆ, ಜೊಂಡು, ನೀರು, ಇಲಿ ಇರುವ ಕಡೆ ಹುಲ್ಲು ತುಂಬಿದ ದೊಡ್ಡ ಆವರಣದಲ್ಲಿ ಕೆಲ ದಿನ ಇರಿಸಿ, ಒಂದು ಸಂಜೆ ಬಾಗಿಲು ತೆರೆದಿಟ್ಟು ಬರುತ್ತಾರೆ. ಅಟ್ಟಿ ಓಡಿಸುವುದಿಲ್ಲ. ಒಳಗೆ ಆಹಾರ ಇಡುವುದನ್ನೂ ನಿಲ್ಲಿಸುವುದಿಲ್ಲ. ಮೊದಮೊದಲು ಬೆಳಗಾಗುವಷ್ಟರಲ್ಲಿ ತಟ್ಟೆ ಖಾಲಿ. ಬರಬರುತ್ತ ಅರ್ಧ ಉಳಿಯುತ್ತದೆ. ಮತ್ತೊಂದು ದಿನ ಇಟ್ಟದ್ದು ಇಟ್ಟಂತೆಯೇ ಇದ್ದು, ಅದಕ್ಕೆ ಇರುವೆ ಮುತ್ತಿರುತ್ತವೆ.