ಮೂವರೂ ಸೇರದೆ ಬಿಡಿಸಲಾಗದ ಒಗಟು: ಮಕ್ಕಳ ಪತ್ತೇದಾರಿ ಸರಣಿ ಬರೆದ ನನ್ನ ಅನುಭವ

ಮಂಡ್ಯದ ಒಂದು ಮನೆ. ಅಕ್ಕ ಗೌರಿಗೆ 12 ವರ್ಷ, ತಮ್ಮ ಚಂದುಗೆ 9, ತಂಗಿ ಪುಟ್ಟಿಗೆ 5. ಈ ಮೂವರು ಸೇರಿ ಗುಟ್ಟು ಪತ್ತೆ ಮಾಡುವ ಕತೆಗಳ ಸರಣಿಯನ್ನು ನಾನು ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಬರೆಯಲು ಕೂತಾಗ ನನಗೆ ನಾನೇ ಒಂದು ಕಟ್ಟುಪಾಡು ಹಾಕಿಕೊಂಡೆ. ಯಾವ ಒಗಟನ್ನೂ ಒಬ್ಬರೇ ಬಿಡಿಸುವಂತೆ ಇರಬಾರದು. ಮೂವರ ಕೈಯೂ ಬೀಳಲೇಬೇಕು.

ಇದು ಯಾಕೆ ಮುಖ್ಯ ಅಂದರೆ, ಅಕ್ಕನೇ ಎಲ್ಲವನ್ನೂ ಬಿಡಿಸಿಬಿಟ್ಟರೆ ಚಿಕ್ಕವರು ಸುಮ್ನೆ ಹಿಂದೆ ಓಡುವವರಾಗುತ್ತಾರೆ. ಓದುವ ಮಕ್ಕಳಲ್ಲೂ ಚಿಕ್ಕವರು ಇರ್ತಾರೆ ಅಲ್ವಾ? ಅವರಿಗೆ ತಮ್ಮ ಪಾಲು ಬೇಕು. ಹಾಗಾಗಿ ಗೌರಿಗೆ ಓದುವ, ಹೊಂದಿಸುವ ಕೆಲಸ ಕೊಟ್ಟೆ. ಚಂದುಗೆ ಲೆಕ್ಕ ಮತ್ತು ಚದುರಂಗ. ಪುಟ್ಟಿಗೆ ಇನ್ನೂ ಓದಲು ಬರುವುದಿಲ್ಲ. ಆದರೆ ಅಜ್ಜಿ ಹೇಳಿದ ಒಗಟುಗಳೆಲ್ಲ ಅವಳಿಗೆ ಬಾಯಿಪಾಠ.

ಮೊದಲ ಕತೆಗೆ ಗಂಜೀಫ ಆರಿಸಿಕೊಂಡೆ. ಇಸ್ಪೀಟಿನಂಥ ಹಳೆಯ ಎಲೆಯಾಟ ಅದು. ಮೈಸೂರಿಗೂ ಈ ಆಟಕ್ಕೂ ಹಳೆಯ ನಂಟಿದೆ. ದಶಾವತಾರ ಗಂಜೀಫದಲ್ಲಿ 120 ದುಂಡನೆಯ ಎಲೆಗಳಿರುತ್ತವೆ. ಒಂದೊಂದು ಅವತಾರಕ್ಕೆ 12: ರಾಜ, ಮಂತ್ರಿ, ಮತ್ತೆ 1ರಿಂದ 10ರವರೆಗೆ. ಅಜ್ಜನ ಪೆಟ್ಟಿಗೆಯಲ್ಲಿ ಎಣಿಸಿದರೆ 119 ಎಲೆ ಮಾತ್ರ. ಕಳೆದದ್ದು ಯಾವುದು? ಒಂದು ಕಮ್ಮಿ ಅಂತ ಹೇಳುವವನು ಚಂದು. ಅವತಾರಗಳ ಸಾಲು ಗೊತ್ತಿರುವ ಗೌರಿ ಎಲೆಗಳನ್ನು ಗುಂಪು ಮಾಡುತ್ತಾಳೆ. ಮತ್ಸ್ಯದ ಗುಂಪಿನಲ್ಲಿ ಏಳು ಮೀನಿನ ಚಿತ್ರ ಇಲ್ಲ ಅಂತ ಬೆರಳಿಟ್ಟು ತೋರಿಸುವವಳು ಪುಟ್ಟಿ. ಅವಳಿಗೆ ಅಕ್ಷರ ಬೇಕಾಗಿಲ್ಲ, ಮೀನು ಎಣಿಸಲು ಬಂದರೆ ಸಾಕು.

ನಡುವೆ ಜಗಳವೂ ಬೇಕು. "ಎಲ್ಲಾ ನೀನೇ ಇಟ್ಕೊಂಡ್ರೆ ನಾನೇನ್ ಮಾಡ್ಲಿ ಕಣಕ್ಕ?" ಅಂತ ಚಂದು ಕಿತ್ತುಕೊಳ್ಳಲು ಹೋಗುತ್ತಾನೆ. "ಲೋ, ಹರಿದ್ಹೋದ್ರೆ ಅಜ್ಜ ಬಿಡ್ತಾರಾ?" ಅಂತ ಗೌರಿ ಕೈ ಹಿಂದಕ್ಕೆಳೆಯುತ್ತಾಳೆ. ಜಗಳವಿಲ್ಲದ ಒಡಹುಟ್ಟಿದವರನ್ನು ಯಾವ ಮಗುವೂ ನಂಬುವುದಿಲ್ಲ. ಆದರೆ ಆ ಜಗಳದಿಂದಲೇ ಏನಾದರೂ ಹೊರಬೀಳಬೇಕು. ನನ್ನ ಕತೆಯಲ್ಲಿ ಎಳೆದಾಟಕ್ಕೆ ಪೆಟ್ಟಿಗೆಯ ತಳದ ಬಟ್ಟೆ ಕಿತ್ತು ಬಂದು, ಕೆಳಗಿನ ಚೀಟಿ ಕಾಣುತ್ತದೆ.

ಆ ಚೀಟಿಯ ಗುಪ್ತ ಬರಹ ಕಟ್ಟಲು ನಾನು ಜಾಸ್ತಿ ತಲೆ ಖರ್ಚು ಮಾಡಿದೆ. ಇಂಗ್ಲಿಷಿನಲ್ಲಾದರೆ ಒಂದು ಅಕ್ಷರದ ಜಾಗಕ್ಕೆ ಇನ್ನೊಂದು ಇಟ್ಟರೆ ಮುಗಿಯಿತು. ಕನ್ನಡದಲ್ಲಿ ಗುಣಿತ ಇದೆ, ಒತ್ತು ಇದೆ, ಆ ಉಪಾಯ ನಿಲ್ಲುವುದಿಲ್ಲ. ನಮ್ಮ ವರ್ಣಮಾಲೆ ಮೊದಲೇ ಸಾಲು ಸಾಲಾಗಿ ಜೋಡಿಸಿಟ್ಟದ್ದು. ಅದನ್ನೇ ಬಳಸಿದೆ. ಕ, ಚ, ಟ, ತ, ಪ ಸಾಲುಗಳಿಗೆ 1ರಿಂದ 5. ಯ, ರ, ಲ, ವ ಎಲ್ಲ ಬರುವ ಸಾಲಿಗೆ 6. ಮೊದಲ ಅಂಕಿ ಸಾಲು, ಎರಡನೆಯದು ಸಾಲಿನಲ್ಲಿ ಎಷ್ಟನೆಯ ಅಕ್ಷರ, ಮೂರನೆಯದು ಸ್ವರ: ಅ 1, ಆ 2, ಇ 3, ಹೀಗೆ. 'ಗಡಿಯಾರ' ಅಂದರೆ 131 333 612 621. ಒತ್ತಕ್ಷರ ಬಂದರೆ ಮೇಲಿನ ಅಕ್ಷರದ ಸ್ವರದ ಜಾಗದಲ್ಲಿ 0. ಮೂರನೇ ತರಗತಿಯ ಮಗು ಕೂಡ ಇದನ್ನು ಬಿಡಿಸಬಲ್ಲದು, ಬಿಡಿಸಿದ ಮೇಲೆ ಗೆಳೆಯರಿಗೆ ಚೀಟಿ ಬರೆಯಬಲ್ಲದು. ಬೇರೆ ಯಾವ ಬಹುಮಾನವೂ ಬೇಕಿಲ್ಲ.

ಚೀಟಿ ಬಿಡಿಸಿದಾಗ ಸಿಗುವ ಮಾತೂ ಇದೇ 'ಗಡಿಯಾರ'. ಗಡಿಯಾರ ಅಂದರೆ ಮೈಸೂರಿನಲ್ಲಿ ಯಾವುದು? ದೊಡ್ಡ ಗಡಿಯಾರವೂ ಇದೆ, ಚಿಕ್ಕ ಗಡಿಯಾರವೂ ಇದೆ. ಇಲ್ಲಿ ಪುಟ್ಟಿಯ ಸರದಿ. ಚೀಟಿಯ ಕೊನೆಯಲ್ಲಿ ಒಂದು ಒಗಟು: "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ." ಗೌರಿ ಓದಿ ಮುಗಿಸುವ ಮುಂಚೆಯೇ ಪುಟ್ಟಿ "ಮಲ್ಲಿಗೆ!" ಅನ್ನುತ್ತಾಳೆ. ಮಲ್ಲಿಗೆ ಮಾರುವುದು ದೇವರಾಜ ಮಾರುಕಟ್ಟೆಯಲ್ಲಿ, ಅದರ ಎದುರಿಗಿರುವುದು ಚಿಕ್ಕ ಗಡಿಯಾರ. ಮೂವರೂ ಅಜ್ಜಿಯ ಜೊತೆ ರೈಲು ಹತ್ತುತ್ತಾರೆ. ಮಕ್ಕಳನ್ನು ಒಂಟಿಯಾಗಿ ಊರೂರು ಸುತ್ತಿಸುವುದು ನನಗೆ ಇಷ್ಟವಿಲ್ಲ. ಹೂವಿನ ಸಾಲಿನಲ್ಲಿ ಅಜ್ಜಿಯನ್ನು ಚೌಕಾಸಿಗೆ ನಿಲ್ಲಿಸಿದರೆ ಮಕ್ಕಳಿಗೆ ಬೇಕಾದಷ್ಟು ಹೊತ್ತು ಸಿಗುತ್ತದೆ.

ದೊಡ್ಡ ಗಡಿಯಾರವನ್ನು ಎರಡನೇ ಕತೆಗೆ ಎತ್ತಿಟ್ಟೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ್ದು. ಅದರ ಮುಖದ ಮೇಲೆ ಕನ್ನಡ ಅಂಕಿಗಳಿವೆ. ದಿನಾ ಅದರ ಕೆಳಗೆ ಓಡಾಡುವ ಎಷ್ಟೋ ಜನ ತಲೆ ಎತ್ತಿ ನೋಡಿರುವುದಿಲ್ಲ. ೬ ಮತ್ತು ೯ ನೋಡಲು ಹತ್ತಿರ ಹತ್ತಿರ. ಚಂದು ಚೀಟಿಯಲ್ಲಿರುವುದನ್ನು ತಪ್ಪಾಗಿ ಓದಿ ಎಲ್ಲರನ್ನೂ ಬೇರೆ ಕಡೆ ನಡೆಸುವುದೇ ಆ ಕತೆಯ ತಿರುವು.

ಮೂರನೆಯದಕ್ಕೆ ಮುಮ್ಮಡಿ ಕೃಷ್ಣರಾಜ ಒಡೆಯರೇ ದಾರಿ ತೋರಿಸಿದರು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ನಡೆಯನ್ನು ಅವರು ಹೆಣೆದಿದ್ದರು. ನಾನು ಅದನ್ನು ಮಕ್ಕಳ ಅಳತೆಗೆ ಇಳಿಸಿ, ಐದಕ್ಕೆ ಐದರ ಮನೆಯಲ್ಲಿ 25 ಅಕ್ಷರ ತುಂಬಿದೆ. ಮೂಲೆಯಿಂದ ಹೊರಟು ಕುದುರೆಯ ನಡೆಯಲ್ಲಿ ಓದಿದರೆ ವಾಕ್ಯ ಸಿಗುತ್ತದೆ. ನಾಲ್ಕಕ್ಕೆ ನಾಲ್ಕರಲ್ಲಿ ಕುದುರೆ ಎಲ್ಲ ಮನೆಗೂ ಹೋಗಲಾರದು. ಹಾಗಾಗಿ ಐದಕ್ಕೆ ಐದಕ್ಕಿಂತ ಚಿಕ್ಕ ಚೌಕ ಮಾಡಲು ಆಗಲಿಲ್ಲ.

ಪ್ರತಿ ಒಗಟನ್ನೂ ಅಚ್ಚಿಗೆ ಕೊಡುವ ಮುಂಚೆ ಅಕ್ಕಪಕ್ಕದ ಮನೆಯ ಮಕ್ಕಳ ಮುಂದೆ ಇಡುತ್ತೇನೆ. ಉತ್ತರ ಸರಿಯೇ ಅಂತ ನೋಡುವುದಿಲ್ಲ. ಪೆನ್ಸಿಲ್ ಎಲ್ಲಿ ನಿಲ್ಲುತ್ತದೆ, ಯಾವಾಗ ಇನ್ನೊಬ್ಬರ ಹಾಳೆಗೆ ಬಗ್ಗುತ್ತಾರೆ ಅಂತ ನೋಡುತ್ತೇನೆ. ಯಾರೂ ಬಗ್ಗದೇ ಹೋದರೆ ಆ ಒಗಟು ಒಬ್ಬರದ್ದಾಯಿತು ಅಂತ ಅರ್ಥ. ಮತ್ತೆ ಕಟ್ಟುತ್ತೇನೆ.

ಈಗ ಕೈಯಲ್ಲಿರುವುದು ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್ ಅಣೆಕಟ್ಟೆಯ ಕತೆ. ಹಳೇ ಡೈರಿಯ ಒಂದು ಪುಟದಲ್ಲಿ ಬರೀ '124.80' ಅಂತ ಇದೆ. ಮಂಡ್ಯದ ಮಕ್ಕಳು ನೋಡಿದ ಕೂಡಲೇ ಹೇಳುತ್ತಾರೆ, ಅದು ಕೆಆರ್‌ಎಸ್ ತುಂಬಿದಾಗಿನ ನೀರಿನ ಮಟ್ಟ, ಅಡಿಗಳಲ್ಲಿ. ಬೀದರಿನ ಮಗುವಿಗೋ ಕಾರವಾರದ ಮಗುವಿಗೋ ಅದು ಹೇಗೆ ಗೊತ್ತಾಗಬೇಕು? ಹಾಗಾಗಿ ಮೊದಲ ಅಧ್ಯಾಯದಲ್ಲೇ ಅಪ್ಪ ಬೆಳಗಿನ ಪೇಪರ್ ಹಿಡಿದು "ಇನ್ನು ಹತ್ತಡಿ ಬಂದ್ರೆ ತುಂಬ್ತು ನೋಡು" ಅನ್ನುವ ಮಾತು ಹಾಕಿದ್ದೇನೆ, ಪಕ್ಕದಲ್ಲೇ ಅವತ್ತಿನ ಮಟ್ಟವನ್ನೂ ಕೊಟ್ಟಿದ್ದೇನೆ: 114.80. ಕೂಡುವ ಕೆಲಸ ಓದುವವರದು.